ಇಂಗ್ಲಿಷ್ ಸ್ಪಷ್ಟವಾಗಿ ಕಲಿಸಿ, ಊರಿನ ದನಿ ಕಿತ್ತುಕೊಳ್ಳಬೇಡಿ

‘ಕ್ಯಾಂಡಿಡೇಟ್ ಚೆನ್ನಾಗಿದ್ದಾರೆ, ಆದರೆ ಎಂಟಿಐ ಜಾಸ್ತಿ.’ ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ, ಕಂಪನಿಗಳ ಎಚ್‌ಆರ್ ಕೊಠಡಿಗಳಲ್ಲಿ ಈ ಮಾತು ದಿನಾ ಕೇಳಿಬರುತ್ತದೆ. ಎಂಟಿಐ ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್, ತಾಯಿನುಡಿಯ ಪ್ರಭಾವ. ಇಂಗ್ಲಿಷ್ ಮಾತಿನಲ್ಲಿ ಕನ್ನಡವೋ ತೆಲುಗೋ ತುಳುವೋ ಇಣುಕಿದರೆ ಅಭ್ಯರ್ಥಿಯ ಹಾಳೆಯ ಮೇಲೆ ಈ ಮೂರು ಅಕ್ಷರ ಬೀಳುತ್ತವೆ. ವ್ಯಾಕರಣ ಸರಿಯಿದ್ದರೂ, ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟಿದ್ದರೂ ಆ ಹಾಳೆ ಪಕ್ಕಕ್ಕೆ ಹೋಗುತ್ತದೆ. ಹೀಗೆ ಪಕ್ಕಕ್ಕೆ ಹೋದವರಲ್ಲಿ ಹೆಚ್ಚಿನವರು ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜಿನಲ್ಲಿ ಓದಿದವರು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರು.

ನಾನು ಅರಸೀಕೆರೆ ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದೆ. ಬೆಂಗಳೂರಿನಲ್ಲಿ ಕೆಲವು ವರ್ಷ ‘ವಾಯ್ಸ್ ಅಂಡ್ ಆಕ್ಸೆಂಟ್’ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಈಗ ಹಾಸನ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಉಚ್ಚಾರಣೆ ತಿದ್ದುವ ಕೋಣೆಯನ್ನೂ ಕಂಡಿದ್ದೇನೆ, ಅಲ್ಲಿಗೆ ಹೋಗಲು ಹಂಬಲಿಸುವ ಮಕ್ಕಳ ಬೆಂಚುಗಳನ್ನೂ ಕಂಡಿದ್ದೇನೆ. ಅದರ ಬಲದಿಂದ ಹೇಳುತ್ತೇನೆ: ಎದುರಿನವರಿಗೆ ತಿಳಿಯುವ ಹಾಗೆ ಇಂಗ್ಲಿಷ್ ಮಾತಾಡುವುದನ್ನು ಪ್ರತಿಯೊಂದು ಮಗುವಿಗೂ ಕಲಿಸಲೇಬೇಕು; ಬೇರೆ ದೇಶದವರ ಹಾಗೆ ಕೇಳಿಸಬೇಕು ಎಂದು ಯಾರನ್ನೂ ಕಾಡಬಾರದು. ಇವೆರಡೂ ಒಂದೇ ಎಂದುಕೊಂಡು ನಾವು ಮೊದಲನೆಯದನ್ನು ಕಲಿಸಲಿಲ್ಲ, ಎರಡನೆಯದರ ಕೀಳರಿಮೆಯನ್ನು ಮಾತ್ರ ಮಕ್ಕಳ ತಲೆಗೆ ತುಂಬಿದೆವು.

2000ದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಕಾಲ್ ಸೆಂಟರ್‌ಗಳು ಅಮೆರಿಕದ ಗ್ರಾಹಕರಿಗಾಗಿ ರಾತ್ರಿಯಿಡೀ ದುಡಿಯುತ್ತಿದ್ದವು. ಮಂಜುನಾಥ ಮೈಕ್ ಆಗುತ್ತಿದ್ದ, ಶಾರದಾ ಸ್ಯಾಂಡಿ ಆಗುತ್ತಿದ್ದಳು. ‘ವಾಟರ್’ ಎನ್ನುವುದನ್ನು ‘ವಾಡರ್’ ಎಂದು ಹೊರಳಿಸಲು, ‘ಆರ್’ ಬಂದಲ್ಲೆಲ್ಲ ನಾಲಿಗೆ ಹಿಂದಕ್ಕೆ ಸುತ್ತಲು ಅಭ್ಯಾಸ ಮಾಡಿಸುತ್ತಿದ್ದರು. ಅಮೆರಿಕನ್ ಟಿವಿ ಧಾರಾವಾಹಿಗಳನ್ನು ಹಾಕಿ ಅದೇ ದಾಟಿಯಲ್ಲಿ ಹೇಳಿಸುತ್ತಿದ್ದರು. ಕೆಲವು ವರ್ಷಗಳಲ್ಲಿ ಈ ಹುಚ್ಚು ತುಸು ಇಳಿಯಿತು. ಅಮೆರಿಕನ್ ದಾಟಿ ಬೇಡ, ‘ನ್ಯೂಟ್ರಲ್ ಆಕ್ಸೆಂಟ್’ ಸಾಕು ಎಂದರು. ಈ ನ್ಯೂಟ್ರಲ್ ಯಾವ ಊರಿನದು ಮೇಡಂ ಎಂದು ತರಬೇತಿಗೆ ಬಂದಿದ್ದ ಬಳ್ಳಾರಿ ಕಡೆಯ ಹುಡುಗನೊಬ್ಬ ಕೇಳಿದ್ದ. ಬಹಳ ಸರಿಯಾದ ಪ್ರಶ್ನೆ. ಅಂಥ ಊರು ಭೂಮಿಯ ಮೇಲಿಲ್ಲ. ಮನುಷ್ಯ ಬಾಯಿ ತೆರೆದರೆ ಯಾವುದೋ ಒಂದು ಊರು ಕೇಳಿಸಿಯೇ ಕೇಳಿಸುತ್ತದೆ.

ಆ ಕೋಣೆಗಳಲ್ಲಿ ಮತ್ತೆ ಮತ್ತೆ ನನ್ನ ಕಣ್ಣಿಗೆ ಬಿದ್ದ ವಿಷಯವೊಂದಿದೆ. ಅನುಕರಣೆಯಲ್ಲಿ ಮುಂದಿದ್ದವರು ಫೋನಿನಲ್ಲಿ ಮುಂದಿರುತ್ತಿರಲಿಲ್ಲ. ಗ್ರಾಹಕ ಸಿಟ್ಟಾಗಿ ಬರೆದುಕೊಟ್ಟ ಸ್ಕ್ರಿಪ್ಟ್‌ನ ಹೊರಗಿನದೇನಾದರೂ ಕೇಳಿದರೆ, ಗಮನವೆಲ್ಲ ಸ್ವಂತ ನಾಲಿಗೆಯ ಮೇಲೇ ಇಟ್ಟುಕೊಂಡವರು ತಡವರಿಸುತ್ತಿದ್ದರು. ನಿಧಾನವಾಗಿ, ಸಮಾಧಾನವಾಗಿ, ತಮ್ಮದೇ ದನಿಯಲ್ಲಿ ಮಾತಾಡುವವರು ಕೆಲಸ ಮುಗಿಸಿಕೊಡುತ್ತಿದ್ದರು. ಧ್ವನಿಮುದ್ರಣ ಹಾಕಿ ಕೇಳಿದಾಗ, ಕರೆ ಎಲ್ಲಿ ಕೆಟ್ಟಿತು ಎನ್ನುವುದಕ್ಕೆ ಸಿಗುತ್ತಿದ್ದ ಕಾರಣಗಳು ಕೆಲವೇ: ಅಂಕಿ ತಪ್ಪಾಗಿ ಕೇಳಿಸಿದ್ದು, ಉಸಿರು ಬಿಡದೆ ಮಾತಾಡಿದ್ದು, ಮುಖ್ಯವಾದ ಪದ ವಾಕ್ಯದೊಳಗೆ ಮುಳುಗಿಹೋಗಿದ್ದು. ‘ಆರ್’ ಸುರುಳಿಯಾಗಲಿಲ್ಲ ಎಂಬ ಕಾರಣಕ್ಕೆ ಹಾಳಾದ ಕರೆ ನನ್ನ ನೆನಪಿನಲ್ಲಿ ಒಂದೂ ಇಲ್ಲ.

‘ನಿಜವಾದ’ ಇಂಗ್ಲಿಷ್ ಉಚ್ಚಾರಣೆ ಎಂದು ನಾವು ಭಯಭಕ್ತಿಯಿಂದ ನೋಡುವುದು ಇಂಗ್ಲೆಂಡಿನಲ್ಲೇ ಕೆಲವರ ಸ್ವತ್ತಾಗಿತ್ತು. ಡೇನಿಯಲ್ ಜೋನ್ಸ್ 1917ರಲ್ಲಿ ಉಚ್ಚಾರಣೆಯ ನಿಘಂಟು ಹೊರತಂದಾಗ ಅವರು ಮಾದರಿಯಾಗಿ ಇಟ್ಟುಕೊಂಡದ್ದು ದಕ್ಷಿಣ ಇಂಗ್ಲೆಂಡಿನ, ಗಂಡುಮಕ್ಕಳನ್ನು ದುಬಾರಿ ವಸತಿ ಶಾಲೆಗಳಿಗೆ ಕಳಿಸುವ ಕುಟುಂಬಗಳ ಮಾತನ್ನು. ಬಿಬಿಸಿ 1926ರಲ್ಲಿ ತನ್ನ ಉದ್ಘೋಷಕರ ಮಾತು ತಿದ್ದಲು ಒಂದು ಸಮಿತಿ ಮಾಡಿತು. ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಅದರ ಮೊದಲ ಅಧ್ಯಕ್ಷರು, ಅವರ ನಂತರ ಬರ್ನಾರ್ಡ್ ಷಾ. ಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಷೈರ್ ಕಡೆಯ ವಿಲ್‌ಫ್ರೆಡ್ ಪಿಕಲ್ಸ್ ಎಂಬವರು ಬಿಬಿಸಿಯಲ್ಲಿ ವಾರ್ತೆ ಓದಿದಾಗ, ಅವರ ಉತ್ತರದ ದಾಟಿಯನ್ನು ಕೇಳಿ ಕೇಳುಗರಲ್ಲಿ ಗದ್ದಲವೆದ್ದಿತು. ಅವರೇನೂ ಪರದೇಶದವರಲ್ಲ, ಇಂಗ್ಲಿಷರು, ಮನೆಮಾತು ಇಂಗ್ಲಿಷ್. ಇವತ್ತು ಅದೇ ಬಿಬಿಸಿಯಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡಿನ ದನಿಗಳು ರಾಜಾರೋಷವಾಗಿ ಕೇಳಿಬರುತ್ತವೆ. ಆ ದೇಶವೇ ಸಡಿಲಿಸಿದ ಅಳತೆಗೋಲನ್ನು ನಾವು ಹಾಸನದ, ಹಾವೇರಿಯ ಮಕ್ಕಳ ಮೇಲೆ ಇನ್ನೂ ಹಿಡಿದು ನಿಂತಿದ್ದೇವೆ.

ಹಾಗಾದರೆ ಅಳತೆ ಬೇಡವೇ? ಬೇಕು. ಯಾವ ಅಳತೆ ಎನ್ನುವುದನ್ನು ವಿಮಾನಯಾನ ಕ್ಷೇತ್ರದಿಂದ ಕಲಿಯಬಹುದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟಿದ್ದ ಸೌದಿ ವಿಮಾನಕ್ಕೂ ದೆಹಲಿಗೆ ಇಳಿಯಲು ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೂ ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸತ್ತರು. ಕಜಕ್ ವಿಮಾನ ತನಗೆ ಗೊತ್ತುಮಾಡಿದ್ದ 15,000 ಅಡಿಗಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿದ್ದುದೂ ತನಿಖೆಯಲ್ಲಿ ಕಾರಣವಾಗಿ ಕಂಡುಬಂತು. ಇಂಥ ದುರಂತಗಳ ಅನುಭವದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಪೈಲಟ್‌ಗಳಿಗೂ ವಾಯು ಸಂಚಾರ ನಿಯಂತ್ರಕರಿಗೂ ಇಂಗ್ಲಿಷ್ ಮಾತಿನ ಮಟ್ಟ ನಿಗದಿ ಮಾಡಿತು. 2008ರಿಂದ ಅದು ಜಾರಿಗೆ ಬಂತು.

ಆ ಮಟ್ಟಗಳು ಆರು. ಕೆಲಸಕ್ಕೆ ಬೇಕಾದದ್ದು ಕನಿಷ್ಠ ನಾಲ್ಕನೆಯದು. ನಾಲ್ಕನೆಯ ಮಟ್ಟದವರ ಉಚ್ಚಾರಣೆಯಲ್ಲಿ ತಾಯಿನುಡಿಯ ಪ್ರಭಾವ ಇರಬಹುದು, ಆದರೆ ಅದು ಎಲ್ಲೋ ಆಗೊಮ್ಮೆ ಈಗೊಮ್ಮೆ ಮಾತ್ರ ಅರ್ಥಕ್ಕೆ ಅಡ್ಡಬರಬಹುದು ಎನ್ನುತ್ತದೆ ನಿಯಮ. ಎಲ್ಲಕ್ಕಿಂತ ಮೇಲಿನ ಆರನೆಯ ಮಟ್ಟ, ಪರಿಣತರದು. ಅಲ್ಲಿಯೂ ತಾಯಿನುಡಿಯ ಅಥವಾ ಪ್ರಾಂತ್ಯದ ಪ್ರಭಾವ ಇರಬಹುದು ಎಂದೇ ಬರೆದಿದೆ. ಅರ್ಥಕ್ಕೆ ತೊಡಕಾಗದಿದ್ದರೆ ಆಯಿತು. ಇನ್ನೂ ಒಂದು ಸಂಗತಿ. ರೇಡಿಯೊದಲ್ಲಿ ಅಂಕಿ ಹೇಳುವಾಗ ‘ಥ್ರೀ’ಯನ್ನು ‘ಟ್ರೀ’ ಎಂದೂ ‘ಥೌಸಂಡ್’ ಅನ್ನು ‘ಟೌಸಂಡ್’ ಎಂದೂ ‘ಫೈವ್’ ಅನ್ನು ‘ಫೈಫ್’ ಎಂದೂ ‘ನೈನ್’ ಅನ್ನು ‘ನೈನರ್’ ಎಂದೂ ಉಚ್ಚರಿಸಬೇಕು ಎಂಬುದು ಐಕಾವೊದ ಲಿಖಿತ ಸೂಚನೆ. ಲಂಡನ್ನಿನ ಪೈಲಟ್‌ಗೂ ಅದೇ ಸೂಚನೆ. ಮುನ್ನೂರು ಜನರ ಪ್ರಾಣ ಕೈಯಲ್ಲಿರುವ ಕೆಲಸಕ್ಕೆ ತಾಯಿನುಡಿಯ ಪ್ರಭಾವ ಅಡ್ಡಿಯಲ್ಲ. ಕ್ರೆಡಿಟ್ ಕಾರ್ಡಿನ ಬಿಲ್ ಬಗ್ಗೆ ಮಾತಾಡುವ ಕೆಲಸಕ್ಕೆ ಅದು ಹೇಗೆ ಅಡ್ಡಿಯಾದೀತು?

ವಿದೇಶಕ್ಕೆ ಹೋಗಬಯಸುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗದಲ್ಲೂ ಉಚ್ಚಾರಣೆಗೆ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ನಿರರ್ಗಳತೆ, ಪದಸಂಪತ್ತು ಮತ್ತು ವ್ಯಾಕರಣಕ್ಕೆ. ಆ ಕಾಲು ಭಾಗದಲ್ಲೂ ನೋಡುವುದು ಎಷ್ಟು ಸಲೀಸಾಗಿ ಅರ್ಥವಾಗುತ್ತದೆ ಎಂದು.

ಇನ್ನು ಅರ್ಥವಾಗುವುದಕ್ಕೆ ಏನು ಬೇಕು ಎನ್ನುವ ಪ್ರಶ್ನೆ. ಇದಕ್ಕೆ ಭಾಷಾವಿಜ್ಞಾನಿಗಳು ಕೊಟ್ಟಿರುವ ಉತ್ತರವೂ ತರಗತಿಯಲ್ಲಿ ನಾನು ಕಂಡದ್ದೂ ಬಹುತೇಕ ಒಂದೇ. ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬೇರೆ ಬೇರೆ ತಾಯಿನುಡಿಯವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ತೊಡಕಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ವಿಂಗಡಿಸಿದರು. ‘ಥಿಂಕ್’, ‘ದಿಸ್’ ಎಂಬಲ್ಲಿ ನಾಲಿಗೆ ಹಲ್ಲಿನ ನಡುವೆ ಬರುವ ಆ ಧ್ವನಿಗಾಗಿ ಜಗತ್ತಿನ ತುಂಬ ಮೇಷ್ಟರುಗಳು ಬೆವರಿಳಿಸುತ್ತಾರಲ್ಲ, ಅದು ಅವರ ಅಗತ್ಯಗಳ ಪಟ್ಟಿಯಲ್ಲಿಲ್ಲ. ಕನ್ನಡಿಗರು ಅಲ್ಲಿ ‘ತ’ಕಾರ, ‘ದ’ಕಾರ ಬಳಸಿದರೆ ಯಾರಿಗೂ ತೊಂದರೆಯಿಲ್ಲ. ಎಮ್ಮೆಯನ್ನು ‘ಯೆಮ್ಮೆ’ ಎನ್ನುವ ನಾವು ಮೊಟ್ಟೆಗೆ ‘ಯೆಗ್’ ಎನ್ನುತ್ತೇವೆ, ‘ಓನ್ಲಿ’ಗೆ ‘ವೋನ್ಲಿ’ ಎನ್ನುತ್ತೇವೆ. ಇದನ್ನು ಆಡಿಕೊಂಡು ನಗುವವರುಂಟು, ಆದರೆ ಅರ್ಥವಾಗದೆ ಹೋದವರನ್ನು ನಾನು ನೋಡಿಲ್ಲ. ಇದಕ್ಕೆಲ್ಲ ತರಗತಿಯ ಸಮಯ ಸುರಿಯಬಾರದು.

ಸಮಯ ಕೊಡಬೇಕಾದ ಜಾಗಗಳು ಬೇರೆ ಇವೆ. ಮೊದಲನೆಯದು ಉಸಿರು. ಇಂಗ್ಲಿಷರು ಪದದ ಮೊದಲಲ್ಲಿ ಬರುವ ಪ, ಟ, ಕಗಳ ಜೊತೆ ಒಂದಿಷ್ಟು ಉಸಿರು ಹೊರಡಿಸುತ್ತಾರೆ. ನಮ್ಮ ಒಣ ‘ಪ’ಕಾರದಲ್ಲಿ ‘ಪ್ಯಾಕ್’ ಎಂದರೆ ಅವರ ಕಿವಿಗೆ ‘ಬ್ಯಾಕ್’ ಎಂದು ಕೇಳಿಸಬಹುದು, ‘ಕೋಟ್’ ಎಂದರೆ ‘ಗೋಟ್’ ಆಗಬಹುದು. ಇದನ್ನು ಕಲಿಸುವುದು ಕನ್ನಡದ ಮಗುವಿಗೆ ಸುಲಭ, ಏಕೆಂದರೆ ಅದು ಒಂದನೇ ತರಗತಿಯಲ್ಲೇ ಅಲ್ಪಪ್ರಾಣ, ಮಹಾಪ್ರಾಣ ಬೇರೆ ಬೇರೆ ಎಂದು ಓದಿ ಬಂದಿರುತ್ತದೆ. ಬಾಯೆದುರು ಒಂದು ತೆಳು ಹಾಳೆ ಹಿಡಿಸಿ ‘ಕ’ ಅನ್ನಿಸಿ, ಆಮೇಲೆ ‘ಖ’ ಅನ್ನಿಸಿದರೆ ಹಾಳೆ ಅಲುಗುತ್ತದೆ. ಇಂಗ್ಲಿಷಿನ ‘ಕೋಟ್’ ಹೇಳುವಾಗಲೂ ಹಾಳೆ ಅಲುಗಬೇಕು ಎಂದರೆ ಸಾಕು, ಮಕ್ಕಳು ಹಿಡಿದುಬಿಡುತ್ತಾರೆ.

ನಮ್ಮ ವರ್ಣಮಾಲೆ ಇಂಗ್ಲಿಷ್ ಮೇಷ್ಟರಿಗೆ ಎಷ್ಟು ದೊಡ್ಡ ಆಸ್ತಿ ಎನ್ನುವುದನ್ನು ನಾವು ಗಮನಿಸಿಯೇ ಇಲ್ಲ. ಕವರ್ಗ ಗಂಟಲ ಹತ್ತಿರ, ಚವರ್ಗ ಅಂಗುಳಿನಲ್ಲಿ, ಟವರ್ಗ ನಾಲಿಗೆ ಮಡಚಿ, ತವರ್ಗ ಹಲ್ಲಿಗೆ ತಾಗಿ, ಪವರ್ಗ ತುಟಿಯಲ್ಲಿ. ಬಾಯೊಳಗಿನ ಜಾಗಗಳನ್ನು ಹಿಂದಿನಿಂದ ಮುಂದಕ್ಕೆ ಹೀಗೆ ಸಾಲಾಗಿ ಜೋಡಿಸಿದ ಕ್ರಮ ಎ, ಬಿ, ಸಿ, ಡಿಯಲ್ಲಿ ಇಲ್ಲ. ಇಂಗ್ಲಿಷಿನ ‘ಟಿ’ ನಮ್ಮ ‘ಟ’ವೂ ಅಲ್ಲ, ‘ತ’ವೂ ಅಲ್ಲ, ನಾಲಿಗೆಯ ತುದಿ ಇವೆರಡರ ನಡುವೆ, ಮೇಲಿನ ಹಲ್ಲುಗಳ ಹಿಂದಿನ ದಿಬ್ಬಕ್ಕೆ ತಾಗುತ್ತದೆ ಎಂದು ಹೇಳಿದರೆ ಕನ್ನಡದ ಮಗು ನಾಲಿಗೆಯಿಂದಲೇ ಆ ಜಾಗ ಹುಡುಕುತ್ತದೆ. ಹ್ರಸ್ವ, ದೀರ್ಘದ ವಿಷಯವೂ ಹಾಗೆಯೇ. ‘ಶಿಪ್’ ಮತ್ತು ‘ಶೀಪ್’, ‘ಫುಲ್’ ಮತ್ತು ‘ಫೂಲ್’ ಬೇರೆ ಮಾಡಲು ಎಷ್ಟೋ ದೇಶಗಳ ಕಲಿಯುವವರು ತಿಣುಕುತ್ತಾರೆ. ‘ಕರು’ ಮತ್ತು ‘ಕಾರು’ ಬೇರೆ ಎಂದು ತೊಟ್ಟಿಲಲ್ಲೇ ಕಲಿತ ನಮ್ಮ ಮಕ್ಕಳಿಗೆ ಆ ಕಷ್ಟ ಕಡಿಮೆ. ಸ್ವರದ ಉದ್ದ ಜೆಂಕಿನ್ಸ್ ಅವರ ಅಗತ್ಯಗಳ ಪಟ್ಟಿಯಲ್ಲಿದೆ. ಅಂದರೆ ತಾಯಿನುಡಿಯ ಪ್ರಭಾವ ಇಲ್ಲಿ ನಮಗೆ ನೆರವಿಗೇ ಬರುತ್ತದೆ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪದದ ಒತ್ತು. ಕನ್ನಡದಲ್ಲಿ ಸಾಮಾನ್ಯವಾಗಿ ಪದದ ಮೊದಲಕ್ಷರಕ್ಕೆ ತುಸು ತೂಕ, ಉಳಿದ ಅಕ್ಷರಗಳಿಗೂ ಅವುಗಳ ಪೂರ್ತಿ ಪಾಲು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಮೇಲೇಳುತ್ತದೆ, ಪಕ್ಕದವು ಕುಗ್ಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲಿಗೆ, ‘ಫೋಟೋಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ‘ಡೆವಲಪ್’ನಲ್ಲಿ ಒತ್ತು ‘ವೆ’ ಮೇಲೆ. ನಾವು ‘ಡೆ’ ಮೇಲೆ ಹಾಕುತ್ತೇವೆ. ‘ಫಿಫ್ಟೀನ್’ನಲ್ಲಿ ‘ಟೀನ್’ ಎದ್ದು ಕೇಳಿಸಬೇಕು, ‘ಫಿಫ್ಟಿ’ಯಲ್ಲಿ ‘ಫಿಫ್’ ಎದ್ದು ಕೇಳಿಸಬೇಕು; ಅದು ತಪ್ಪಿದರೆ ಹದಿನೈದು ಡಾಲರ್ ಐವತ್ತಾಗುತ್ತದೆ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ಆರ್.ಕೆ. ಬನ್ಸಲ್ ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದರು. ಪದದ ಒತ್ತು ತಪ್ಪುವುದು ದೊಡ್ಡ ತೊಡಕುಗಳಲ್ಲೊಂದು ಎಂದು ಅವರು ಆಗಲೇ ತೋರಿಸಿದ್ದರು. ಅರ್ಧ ಶತಮಾನ ದಾಟಿದರೂ ನಮ್ಮ ಎಷ್ಟೋ ಶಾಲೆಗಳ ಇಂಗ್ಲಿಷ್ ಪಾಠದಲ್ಲಿ ಒತ್ತಿನ ಸುದ್ದಿಯೇ ಬರುವುದಿಲ್ಲ.

ಮೂರನೆಯದು ವಾಕ್ಯದ ಒತ್ತು. ಕನ್ನಡದಲ್ಲಿ ಒತ್ತಿ ಹೇಳಬೇಕಾದರೆ ನಮಗೆ ‘ಏ’ ಇದೆ. ‘ಸೋಮವಾರವೇ ಕಟ್ಟಿದೆ’, ‘ನಾನೇ ಕಟ್ಟಿದೆ’, ‘ದುಡ್ಡನ್ನೇ ಕಟ್ಟಿದೆ’. ಪದಕ್ಕೆ ಒಂದು ಸ್ವರ ಸೇರಿಸಿದರೆ ಒತ್ತು ಬಂತು. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ, ಆ ಕೆಲಸವನ್ನು ದನಿಯೇ ಹೆಚ್ಚಾಗಿ ಮಾಡಬೇಕು. ಆದ್ದರಿಂದ ನನ್ನ ತರಗತಿಯಲ್ಲಿ ನಾನು ಮೊದಲು ಕನ್ನಡದಲ್ಲಿ ಹೇಳಿಸುತ್ತೇನೆ, ‘ಏ’ ಎಲ್ಲಿ ಬಂತು ಎಂದು ಕೇಳುತ್ತೇನೆ, ಇಂಗ್ಲಿಷಿನಲ್ಲಿ ಆ ಪದದ ಮೇಲೆ ದನಿ ಏರಿಸಲು ಹೇಳುತ್ತೇನೆ. ಒಂದೆರಡು ವಾರದಲ್ಲೇ ಮಕ್ಕಳ ಮಾತಿಗೆ ಬೇರೆ ಕಳೆ ಬರುತ್ತದೆ. ಅವರ ದಾಟಿ ಹೊಳೆನರಸೀಪುರದ್ದೇ, ಸಕಲೇಶಪುರದ್ದೇ. ಮಾತು ಮಾತ್ರ ಯಾವ ದೇಶದವರಿಗೂ ಮುಟ್ಟುವಂತಿರುತ್ತದೆ.

ಮಾತು ಮುಟ್ಟುವುದರಲ್ಲಿ ಕೇಳುವವರ ಪಾಲೂ ಇದೆ. ಕೆನಡಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾಟಿ ಬಹಳ ಗಾಢ ಎಂದು ಕೇಳುಗರೇ ಅಂಕ ಕೊಟ್ಟ ಮಾತುಗಳನ್ನು ಅದೇ ಕೇಳುಗರು ಎಷ್ಟೋ ಸಲ ಒಂದು ಪದವೂ ತಪ್ಪದೆ ಬರೆದುಕೊಂಡಿದ್ದರು. ಪರದೇಶದ ದಾಟಿ ಇದೆ ಅನ್ನಿಸುವುದು ಒಂದು, ಅರ್ಥವಾಗದಿರುವುದು ಇನ್ನೊಂದು ಎಂದು ಅಲ್ಲಿಗೆ ಸ್ಪಷ್ಟವಾಯಿತು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಣ್ಣು ತೆರೆಸುವಂಥದ್ದು. ಇಂಗ್ಲಿಷ್ ತಾಯಿನುಡಿಯ ಅಮೆರಿಕನ್ ಮಹಿಳೆಯೊಬ್ಬರ ಉಪನ್ಯಾಸದ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರಿಗೆ ಮಾತಾಡುತ್ತಿರುವವರು ಇವರು ಎಂದು ಬಿಳಿಯ ಮಹಿಳೆಯ ಚಿತ್ರ ತೋರಿಸಿದರು, ಕೆಲವರಿಗೆ ಏಷ್ಯಾದ ಮಹಿಳೆಯ ಚಿತ್ರ. ಅದೇ ದನಿ, ಅದೇ ಪಾಠ. ಏಷ್ಯಾದ ಮುಖ ಕಂಡವರಿಗೆ ಪರದೇಶದ ದಾಟಿ ಕೇಳಿಸಿತು, ಪಾಠ ತಲೆಗೆ ಹತ್ತಿದ್ದೂ ಕಡಿಮೆ. ಶಿಕಾಗೊ ವಿಶ್ವವಿದ್ಯಾಲಯದ ಶಿರಿ ಲೆವ್-ಆರಿ ಮತ್ತು ಬೋಜ್ ಕೀಸರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಸಂಗತಿಯನ್ನು ಪರದೇಶದ ದಾಟಿಯಲ್ಲಿ ಹೇಳಿದಾಗ ಜನ ಅದನ್ನು ನಂಬುವುದು ಕಡಿಮೆಯಾಯಿತು.

ಈ ಪೂರ್ವಗ್ರಹ ನಮ್ಮ ಮನೆಯೊಳಗೂ ಇದೆ. ಹಳೇ ಮೈಸೂರು ಕಡೆಯ ರೈತ ಹಾಲಿಗೆ ‘ಆಲು’ ಅಂದರೆ ನಗುತ್ತೇವೆ. ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಚಾಮರಾಜನಗರದ ಕನ್ನಡ ನಮ್ಮ ಸಿನಿಮಾಗಳಲ್ಲಿ ಎಷ್ಟೋ ವರ್ಷ ಹಾಸ್ಯಪಾತ್ರಗಳ ಪಾಲಿಗೇ ಸಿಕ್ಕವು. ನಾಲಿಗೆ ನೋಡಿ ಮನುಷ್ಯನ ಬುದ್ಧಿ ಅಳೆಯುವ ಚಟ ಕನ್ನಡದಲ್ಲೇ ಬೆಳೆಸಿಕೊಂಡವರು ಇಂಗ್ಲಿಷಿನಲ್ಲಿ ಅದನ್ನು ಇಮ್ಮಡಿ ಮಾಡುತ್ತಾರೆ. ‘ಗವರ್ನಮೆಂಟ್ ಸ್ಕೂಲಾ?’ ಎಂದು ಕೇಳುವ ಆ ದನಿ ಯಾವ ಅಮೆರಿಕನ್ ಗ್ರಾಹಕನದೂ ಅಲ್ಲ, ನಮ್ಮವರದೇ.

ಇಲ್ಲಿ ತಂದೆತಾಯಿಗಳು ನನ್ನನ್ನು ತಡೆದು ಕೇಳುತ್ತಾರೆ: ‘ನೀವು ಹೇಳೋದೆಲ್ಲ ಸರಿ ಮೇಡಂ, ಆದರೆ ಕೆಲಸ ಕೊಡೋರು ನಿಮ್ಮ ಥರ ಯೋಚನೆ ಮಾಡ್ತಾರಾ? ನಮ್ಮ ಮಗಳು ಕಾನ್ವೆಂಟ್ ಮಕ್ಕಳ ಥರ ಮಾತಾಡದಿದ್ದರೆ ಹಿಂದೆ ಬೀಳಲ್ವಾ?’ ಇದು ನ್ಯಾಯವಾದ ಆತಂಕ. ದಾಟಿ ಮುಖ್ಯವಲ್ಲ ಎಂದು ಬಡವರ ಮಗುವಿಗೆ ಉಪದೇಶ ಮಾಡಿ, ಸ್ವಂತ ಮಗುವನ್ನು ದುಬಾರಿ ಶಾಲೆಗೆ ಸೇರಿಸುವುದು ಅನ್ಯಾಯ. ಆದರೆ ಕಾನ್ವೆಂಟ್ ಮಗು ಗೆಲ್ಲುವುದು ಇಂಗ್ಲೆಂಡಿನ ದಾಟಿಯಿಂದಲ್ಲ, ಆ ದಾಟಿ ಅದಕ್ಕೂ ಇಲ್ಲ. ಅದು ಗೆಲ್ಲುವುದು ಹತ್ತಾರು ವರ್ಷ ಇಂಗ್ಲಿಷನ್ನು ದಿನಾ ಕೇಳಿ, ದಿನಾ ಆಡಿ, ಹೆದರಿಕೆ ಕಳೆದುಕೊಂಡಿರುವುದರಿಂದ. ನಮ್ಮ ಮಕ್ಕಳಿಗೆ ಆ ಅವಕಾಶ ಸಿಕ್ಕಿಲ್ಲ. ಅರವತ್ತು ಮಕ್ಕಳ ತರಗತಿ, 45 ನಿಮಿಷದ ಪೀರಿಯಡ್. ಮೇಷ್ಟರು ಒಂದು ಮಾತೂ ಆಡದೆ ಕುಳಿತರೂ ಒಂದು ಮಗುವಿನ ಪಾಲಿಗೆ ಒಂದು ನಿಮಿಷ ಬರುವುದಿಲ್ಲ. ಬಾಯಿ ತೆರೆಯಲು ಜಾಗವೇ ಕೊಡದೆ, ಉಚ್ಚಾರಣೆ ಸರಿಯಿಲ್ಲ ಎಂದು ಮಗುವನ್ನು ದೂರುವುದು ಯಾವ ನ್ಯಾಯ?

ಈಗ ಯಂತ್ರವೂ ಈ ಕೆಲಸಕ್ಕೆ ಬಂದಿದೆ. ಕಾಲ್ ಸೆಂಟರ್ ಉದ್ಯಮದ ದೈತ್ಯ ಟೆಲಿಪರ್ಫಾರ್ಮೆನ್ಸ್, ಭಾರತದ ತನ್ನ ನೌಕರರ ದಾಟಿಯನ್ನು ಕರೆಯ ನಡುವೆಯೇ ಬದಲಿಸಿ ಕೇಳಿಸುವ, ಸನಾಸ್ ಎಂಬ ಕಂಪನಿಯ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಬಳಸತೊಡಗಿದೆ ಎಂದು 2025ರಲ್ಲಿ ಸುದ್ದಿಯಾಯಿತು. ನೌಕರರಿಗೆ ನಿಂದನೆ ತಪ್ಪುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ರಾತ್ರಿ ಪಾಳಿಯಲ್ಲಿ ಬೈಗುಳ ತಿಂದು ಅತ್ತವರನ್ನು ಹತ್ತಿರದಿಂದ ಕಂಡಿದ್ದೇನೆ. ಆದರೂ ಕೆಲಸ ಮಾಡುವವರ ದನಿಯನ್ನೇ ಅಳಿಸಿ ಕೊಡುವ ನೆಮ್ಮದಿ ನನಗೆ ಒಪ್ಪಿಗೆಯಿಲ್ಲ. ಬೈಯುವವನನ್ನು ತಡೆಯುವ ಬದಲು ಬೈಸಿಕೊಂಡವಳನ್ನು ಮರೆಮಾಡಿದಂತಾಯಿತು. ಇದರಿಂದ ಇನ್ನೊಂದು ಸತ್ಯವೂ ಹೊರಬೀಳುತ್ತದೆ. ದಾಟಿ ಬದಲಿಸುವುದು ತಂತ್ರಾಂಶ ಮಾಡಬಲ್ಲ ಕೆಲಸ. ಗ್ರಾಹಕನ ಕಷ್ಟ ಏನು ಎಂದು ಹಿಡಿಯುವುದು, ಅದನ್ನು ಬಿಡಿಸಿ ಹೇಳುವುದು, ಸಮಾಧಾನ ಮಾಡುವುದು ಮನುಷ್ಯರು ಕಲಿಯಬೇಕಾದ ಕೆಲಸ. ಮಕ್ಕಳ ವರ್ಷಗಳನ್ನು ಯಾವುದಕ್ಕೆ ಖರ್ಚು ಮಾಡಿಸಬೇಕು ಎನ್ನುವುದು ಇದರಿಂದಲೇ ತಿಳಿಯಬೇಕು.

ಸರ್ಕಾರದಿಂದ ಮೂರು ಕೆಲಸ ಆಗಬೇಕು. ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಓದುವ ಇಂಗ್ಲಿಷ್‌ಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಬರೆಯುವುದಕ್ಕೆ ಅಂಕವಿರುವುದರಿಂದ ಬರೆಯುವುದನ್ನಷ್ಟೇ ಕಲಿಸುತ್ತಾರೆ, ಅದಕ್ಕೆ ಮೇಷ್ಟರನ್ನು ದೂರಿ ಫಲವಿಲ್ಲ. ಕೇಳಿ ಅರ್ಥಮಾಡಿಕೊಳ್ಳುವುದಕ್ಕೂ ಮಾತಿಗೂ ಪರೀಕ್ಷೆಯಲ್ಲೇ ಅಂಕ ಇಡಿ, ಅಂಕವನ್ನು ಸ್ಪಷ್ಟತೆಗೆ ಕೊಡಿ. ಎರಡನೆಯದಾಗಿ, ಇಂಗ್ಲಿಷ್ ಕಲಿಸುವ ಶಿಕ್ಷಕರ ತರಬೇತಿಗೆಂದೇ ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಅಲ್ಲಿ ಸಿಗುವಂಥ ಧ್ವನಿಶಾಸ್ತ್ರದ ಪಾಠ ಪ್ರತಿ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಕನ್ನಡದ ವರ್ಣಮಾಲೆಯ ಮೂಲಕವೇ ಮುಟ್ಟಲಿ. ಮೂರನೆಯದಾಗಿ, ಕಾಲೇಜುಗಳಲ್ಲಿ ಬೀಗ ಬಿದ್ದಿರುವ ಭಾಷಾ ಪ್ರಯೋಗಾಲಯಗಳ ಬಾಗಿಲು ತೆಗೆಸಿ. ಹೆಡ್‌ಫೋನ್ ಹಾಳಾಗುತ್ತದೆಂದು ಮಕ್ಕಳನ್ನು ಒಳಗೆ ಬಿಡದ ಪ್ರಯೋಗಾಲಯ ಇದ್ದೂ ಇಲ್ಲದಂತೆ.

ಕಂಪನಿಗಳಿಗೆ ನನ್ನ ಮಾತು ಇಷ್ಟೇ. ಸಂದರ್ಶನದ ಹಾಳೆಯಿಂದ ಎಂಟಿಐ ತೆಗೆಯಿರಿ. ಅದರ ಬದಲು ಅಭ್ಯರ್ಥಿಗೆ ಒಂದು ಕೆಲಸ ಕೊಡಿ: ಒಂದು ವಿಳಾಸ, ಒಂದು ಫೋನ್ ನಂಬರು, ಒಂದು ದೂರಿನ ಪರಿಹಾರವನ್ನು ಫೋನಿನಲ್ಲಿ ಹೇಳಲಿ. ಇನ್ನೊಂದು ರಾಜ್ಯದವರೋ ಇನ್ನೊಂದು ದೇಶದವರೋ ಅದನ್ನು ಕೇಳಿ ಬರೆದುಕೊಳ್ಳಲಿ. ಬರೆದದ್ದು ಸರಿಯಿದ್ದರೆ ಅಭ್ಯರ್ಥಿ ಪಾಸಾದಂತೆ. ಇದಕ್ಕೆ ಹೆಚ್ಚು ಖರ್ಚಿಲ್ಲ, ಮತ್ತು ನಿಮಗೆ ಬೇಕಾದ ಕೆಲಸಗಾರರು ಸಿಗುತ್ತಾರೆ.

ಉಳಿದದ್ದು ನನ್ನ ಸಹೋದ್ಯೋಗಿಗಳಾದ ಇಂಗ್ಲಿಷ್ ಮೇಷ್ಟರುಗಳಿಗೆ, ಮೇಡಂಗಳಿಗೆ. ಪಾಠ ಮುಗಿಸುವ ಒತ್ತಡ ನನಗೂ ಗೊತ್ತು. ಆದರೂ ಪ್ರತಿ ಪೀರಿಯಡ್‌ನಲ್ಲಿ ಹತ್ತು ನಿಮಿಷ ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ ಮಾತಾಡಲು ಬಿಡಿ. ತರಗತಿ ಗದ್ದಲವಾಗುತ್ತದೆ, ಆಗಲಿ. ಮಾತಿನ ನಡುವೆ ತಡೆದು ತಿದ್ದಬೇಡಿ. ಅರ್ಥ ಕೆಟ್ಟ ಒಂದೆರಡು ಪದಗಳನ್ನು ಗುರುತಿಟ್ಟುಕೊಂಡು ಕೊನೆಯಲ್ಲಿ ಎಲ್ಲರಿಂದಲೂ ಹೇಳಿಸಿ. ಒಬ್ಬರ ದಾಟಿಗೆ ಇನ್ನೊಬ್ಬರು ನಕ್ಕರೆ ಆ ನಗುವನ್ನು ಅಲ್ಲೇ ನಿಲ್ಲಿಸಿ. ನಮ್ಮ ಮಕ್ಕಳ ನಾಲಿಗೆಯಲ್ಲಿ ಯಾವ ಕೊರತೆಯೂ ಇಲ್ಲ, ಅವರಿಗೆ ಬೇಕಿರುವುದು ಮಾತಾಡುವ ಸಮಯ ಮತ್ತು ಕೇಳುವ ಮೇಷ್ಟರು. ಅದನ್ನು ಕೊಡುವುದು ನಮ್ಮ ಕೈಯಲ್ಲಿದೆ. ನಾಳೆಯ ಪೀರಿಯಡ್‌ನಿಂದಲೇ ಕೊಡೋಣ.